ದೊಡ್ಡ ಮೀನಿಗೆ ಬೋಳು ಹೊಂಡವೇ ಲೇಸು

ಕೃಷಿ ಹೊಂಡದಲ್ಲಿ ಮೀನು ಬಿಡಲು ಮುಂದಾಗುವ ರೈತರನ್ನು ಕಾಡುವ ಒಂದು ಪ್ರಶ್ನೆಯಿದೆ: ಮೀನಿಗೆ ಆಸರೆಯಾಗಲೆಂದು ಹೊಂಡದೊಳಗೆ ಗಿಡ, ಕಲ್ಲು, ಟೊಂಗೆಗಳನ್ನು ಹಾಕಬೇಕೇ, ಇಲ್ಲವೇ ಹೊಂಡವನ್ನು ಬೋಳಾಗಿಯೇ ಬಿಡಬೇಕೇ? ಪೇಟೆಯ ಮನೆಗಳಲ್ಲಿ ಗಾಜಿನ ತೊಟ್ಟಿಯೊಳಗೆ ಬಣ್ಣದ ಕಲ್ಲು, ಹಸಿರು ಗಿಡ ಇಟ್ಟು ಮೀನು ಸಾಕುವುದನ್ನು ಕಂಡವರಿಗೆ ಈ ಸಂದೇಹ ಬರುವುದು ಸಹಜ. ಆದರೆ ಅಲ್ಲಿಯೂ ಆ ಅಲಂಕಾರ ಹೊಂದುವುದು ಬೆರಳುದ್ದದ ಮೀನುಗಳಿಗೆ. ಗೆಂಡೆ ಜಾತಿಯ ಮೀನು ದೊಡ್ಡದಾದಂತೆ ಗಿಡ ಕೀಳುತ್ತದೆ, ಕಲ್ಲು ಕೆದಕುತ್ತದೆ, ಚೂಪಾದ ಅಂಚಿಗೆ ಮೈ ತಾಗಿಸಿ ಗಾಯ ಮಾಡಿಕೊಳ್ಳುತ್ತದೆ. ಹೊಂಡದಲ್ಲಿಯೂ ಇದೇ ಮಾತು. ಮಾರಾಟಕ್ಕೆ ಬೆಳೆಸುವ ದೊಡ್ಡ ಮೀನಿಗೆ ಮುಖ್ಯವಾಗಿ ಬೇಕಾದುದು ಈಜಲು ಜಾಗ, ಉಸಿರಾಡಲು ಗಾಳಿ ಬೆರೆತ ನೀರು ಮತ್ತು ಆಹಾರ.

ನಮ್ಮ ಭಾಗದ ಹೊಂಡಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಉತ್ತರ ಒಣ ವಲಯಕ್ಕೆ ಸೇರಿದವು. ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕೆಲವು ಊರುಗಳಿಗೆ ತುಂಗಭದ್ರೆಯ ಹಿನ್ನೀರಿನ ಮೀನು ಸಿಗುತ್ತದೆ. ಉಳಿದ ಕಡೆ ಕೆರೆ ಇಲ್ಲವೇ ಹೊಂಡವೇ ಗತಿ. 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಅನೇಕರ ಹೊಲಗಳಲ್ಲಿ ಹೊಂಡಗಳಾಗಿವೆ. ಕೆಂಪು ಮಸಾರಿ ಭೂಮಿಯಲ್ಲಿ ನೀರು ಇಂಗಿ ಹೋಗುವುದರಿಂದ ಪ್ಲಾಸ್ಟಿಕ್ ಹಾಳೆ ಹಾಸುವುದು ಅನಿವಾರ್ಯ. ಮುಂಗಾರಿನ ಕೊನೆಗೆ ತುಂಬಿದ ಹೊಂಡ ಬೇಸಿಗೆಗೆ ಬತ್ತುತ್ತದೆ. ಅಂದರೆ ಮೀನು ಬೆಳೆಯಲು ಸಿಗುವ ಕಾಲ ಆರರಿಂದ ಎಂಟು ತಿಂಗಳು ಮಾತ್ರ. ಇಷ್ಟರಲ್ಲಿ ಮೀನು ತೂಕಕ್ಕೆ ಬರಬೇಕು, ನೀರು ಬತ್ತುವ ಮೊದಲು ಪೂರ್ತಿ ಬಲೆಗೆ ಬರಬೇಕು. ಹೊಂಡದೊಳಗೆ ಏನನ್ನೇ ಇಡುವ ಮುನ್ನ ಈ ಎರಡು ಮಾತುಗಳನ್ನು ನೆನಪಿಡಿ.

ಜಲಸಸ್ಯಗಳಿಂದ ಆಗುವ ಹಾನಿ

ಹಸಿರು ಗಿಡ ನೀರಿಗೆ ಪ್ರಾಣವಾಯು ಕೊಡುತ್ತದೆ ಎಂಬುದು ಹಗಲಿನ ಮಟ್ಟಿಗೆ ನಿಜ. ರಾತ್ರಿ ಅದೇ ಗಿಡ ಮೀನಿನಂತೆ ಪ್ರಾಣವಾಯುವನ್ನು ಬಳಸಿಕೊಳ್ಳುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುವುದು ಈ ಕೊರತೆಯ ಗುರುತು. ಮೀನು ದೊಡ್ಡದಾಗಿ ನೀರು ಕಡಿಮೆಯಾದ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಹೀಗಾದರೆ ಒಂದೇ ರಾತ್ರಿಯಲ್ಲಿ ವರ್ಷದ ಬೆಳೆ ಹೋಗಬಹುದು.

ಎರಡನೆಯದಾಗಿ, ನೀವು ಹಾಕಿದ ಗೊಬ್ಬರದ ಸಾರವನ್ನು ಗಿಡಗಳೇ ಹೀರುತ್ತವೆ. ಮೀನಿನ ಸಹಜ ಆಹಾರವಾದ ಸೂಕ್ಷ್ಮ ತೇಲುಜೀವಿಗಳು ಕಡಿಮೆಯಾಗಿ ನೀರು ತಿಳಿಯಾಗುತ್ತದೆ. ತಿಳಿನೀರು ಕುಡಿಯಲು ಒಳ್ಳೆಯದಿರಬಹುದು, ಮೀನಿಗೆ ಅದು ಬರಿದಾದ ಕಣಜ. ಮೊಣಕೈವರೆಗೆ ಕೈ ಇಳಿಸಿದಾಗ ಅಂಗೈ ಮಸುಕಾಗುವಷ್ಟು ನಸುಹಸಿರು ಬಣ್ಣ ನೀರಿಗಿರಬೇಕು.

ಮೂರನೆಯದಾಗಿ, ಸಾಮಾನ್ಯ ಗೆಂಡೆ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಒಂದು ಕಿಲೋ ತೂಕದ ಹೆಣ್ಣು ಮೀನು ಸುಮಾರು ಒಂದು ಲಕ್ಷ ಮೊಟ್ಟೆ ಇಡಬಲ್ಲುದು. ಅಂಟುಗುಣದ ಈ ಮೊಟ್ಟೆಗಳು ಗಿಡಗಳಿಗೆ ಅಂಟಿಕೊಂಡು ಮರಿಯಾಗುತ್ತವೆ. ಮರಿಗಳು ಹೆಚ್ಚಿದರೆ ಆಹಾರ ಹಂಚಿಹೋಗಿ ಯಾವ ಮೀನೂ ತೂಕಕ್ಕೆ ಬಾರದು.

ಮುಳ್ಳು ಟೊಂಗೆ ಬೇಡ

ಕಳ್ಳಬಲೆ ಬೀಸದಂತೆ ಕೆರೆಯಲ್ಲಿ ಜಾಲಿಮುಳ್ಳು ಹಾಕುವುದುಂಟು. ಮಣ್ಣಿನ ಕೆರೆಗೆ ಸರಿಯೆನಿಸಿದ ಈ ಉಪಾಯವನ್ನು ಹಾಳೆ ಹಾಸಿದ ಹೊಂಡಕ್ಕೆ ತರಬೇಡಿ. ಬಳ್ಳಾರಿ ಜಾಲಿಯ ಒಂದು ಮುಳ್ಳು ಹಾಳೆಯನ್ನು ಚುಚ್ಚಿದರೆ ಸಾಕು, ನೀರು ಸೋರಿ ಮೀನಿನ ಜೊತೆಗೆ ಬೆಳೆಗೆ ಇಟ್ಟುಕೊಂಡ ನೀರೂ ಹೋಗುತ್ತದೆ. ಚೂಪು ಕಲ್ಲು, ಒಡೆದ ಹೆಂಚುಗಳಿಗೂ ಇದೇ ಮಾತು. ಮೇಲಾಗಿ ಎಳೆಬಲೆ ಟೊಂಗೆಗೆ ಸಿಕ್ಕಿ ಹರಿಯುತ್ತದೆ, ಮೀನು ಅದರಡಿಯಲ್ಲಿ ಉಳಿದುಬಿಡುತ್ತದೆ. ಕಳ್ಳರ ಭಯವಿದ್ದರೆ ಮುಳ್ಳುಬೇಲಿ ದಂಡೆಯ ಮೇಲಿರಲಿ.

ಹಾಗಾದರೆ ಏನನ್ನು ಇಡಬಹುದು?

ಬೋಳು ಹೊಂಡವೆಂದರೆ ಬರಿಯ ಪ್ಲಾಸ್ಟಿಕ್ ಎಂದು ತಿಳಿಯಬಾರದು. ಮಣ್ಣಿಲ್ಲದ ತಳದಲ್ಲಿ ಹುಳು-ಹುಪ್ಪಟೆ ಹುಟ್ಟುವುದು ಕಡಿಮೆ. ತಳದಲ್ಲಿ ಮೇಯುವ ಮೃಗಾಲ್ ಮತ್ತು ಸಾಮಾನ್ಯ ಗೆಂಡೆಗಳಿಗೆ ಆಹಾರ ಸಾಲದು. ಆದ್ದರಿಂದ ನೀರು ತುಂಬುವ ಮೊದಲೇ ಸಮತಟ್ಟಾದ ತಳದಲ್ಲಿ ಕಲ್ಲಿಲ್ಲದ ಜರಡಿ ಮಣ್ಣನ್ನು ಅರ್ಧ ಅಡಿಯಷ್ಟು ಹರಡುವುದು ಉತ್ತಮ.

ಇನ್ನೊಂದು, ಬಿದಿರು. ನೀರಿನಲ್ಲಿ ನಿಂತ ಬಿದಿರಿನ ಮೇಲೆ ಕೆಲವು ವಾರಗಳಲ್ಲಿ ಪಾಚಿಯ ಲೋಳೆ ಕಟ್ಟುತ್ತದೆ. ರೋಹು ಇದನ್ನು ಚೆನ್ನಾಗಿ ಮೇಯುತ್ತದೆ. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಮೀನುಗಾರರು ಹಿನ್ನೀರಿನಲ್ಲಿ ಟೊಂಗೆಗಳನ್ನು ನೆಟ್ಟು ಮೀನು ಸೇರಿಸುವುದು ಹಳೆಯ ರೂಢಿ. ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯದಲ್ಲಿಯೂ ಬಿದಿರು ಮತ್ತು ಕಬ್ಬಿನ ಸಿಪ್ಪೆಗಳನ್ನು ನೀರಿನಲ್ಲಿಟ್ಟು ಈ ವಿಷಯದಲ್ಲಿ ಪ್ರಯೋಗಗಳು ನಡೆದಿವೆ. ಹಾಳೆಯ ಹೊಂಡದಲ್ಲಿ ಗಳ ನೆಡುವಂತಿಲ್ಲ. ದಂಡೆಯಿಂದ ದಂಡೆಗೆ ಹಗ್ಗ ಬಿಗಿದು, ನಯಗೊಳಿಸಿದ ಗಳಗಳನ್ನು ತಳ ಮುಟ್ಟದಂತೆ ತೂಗುಬಿಡಿ. ಒಂದು ಬದಿಯ ಕಾಲುಭಾಗಕ್ಕಿಂತ ಹೆಚ್ಚು ಜಾಗ ಇವಕ್ಕೆ ಬೇಡ. ಬಲೆ ಎಳೆಯುವ ದಿನ ಹಗ್ಗ ಬಿಚ್ಚಿದರೆ ಎಲ್ಲವೂ ಹೊರಬರುವಂತಿರಲಿ.

ಎಷ್ಟು ಮೀನು?

ಜಾಗ ಬೋಳಾಗಿದ್ದರೆ ಸಾಲದು, ಮೀನು ಕಿಕ್ಕಿರಿದಿರಲೂಬಾರದು. 21 ಮೀಟರ್ ಉದ್ದ, 21 ಮೀಟರ್ ಅಗಲದ ಹೊಂಡ ತುಂಬಿದಾಗ ನೀರಿನ ಮೇಲ್ಮೈ 441 ಚದರ ಮೀಟರ್. ದೊಡ್ಡ ಮೀನು ಬೇಕೆನ್ನುವವರು ಎರಡು ಚದರ ಮೀಟರಿಗೆ ಒಂದರಂತೆ 220 ಮರಿ ಬಿಟ್ಟರೆ ಸಾಕು: ಮೇಲ್ಪದರದಲ್ಲಿ ಮೇಯುವ ಕಾಟ್ಲಾ 90, ನಡುನೀರಿನ ರೋಹು 65, ತಳದ ಮೃಗಾಲ್ ಇಲ್ಲವೇ ಸಾಮಾನ್ಯ ಗೆಂಡೆ 65. ಕಾಲಾವಧಿ ಕಡಿಮೆಯಿರುವುದರಿಂದ ನಾಲ್ಕು ಅಂಗುಲಕ್ಕೆ ಕಡಿಮೆಯಿಲ್ಲದ ಬಲಿತ ಮರಿಗಳನ್ನೇ ಆರಿಸಿ. ಶೇಂಗಾ ಹಿಂಡಿ ಮತ್ತು ಅಕ್ಕಿ ತೌಡನ್ನು ಸಮಪ್ರಮಾಣದಲ್ಲಿ ಬೆರೆಸಿ ದಿನವೂ ಒಂದೇ ಜಾಗದಲ್ಲಿ ಕೊಡಿ. ನೀರು ಒಂದು ಮೀಟರಿಗಿಂತ ಕೆಳಗಿಳಿಯುವ ಮೊದಲೇ ಮೀನು ಹಿಡಿಯಿರಿ.

ತೆಗೆಯಲೇಬಾರದ ಒಂದು ವಸ್ತು

ಹೊಂಡದಲ್ಲಿ ಸದಾ ಇರಬೇಕಾದುದು ಹಗ್ಗದ ಏಣಿ. ಒದ್ದೆಯಾದ ಹಾಳೆಯ ಮೇಲೆ ಪಾಚಿ ಕಟ್ಟಿದಾಗ ಈಜು ಬಲ್ಲವನಿಗೂ ಹತ್ತಿ ಬರುವುದು ಕಷ್ಟ. ಮೀನು ನೋಡಲೆಂದು ದಂಡೆಗೆ ಬರುವ ಮಕ್ಕಳಿಗೆ, ನೀರಿಗಿಳಿಯುವ ಕರು, ಕುರಿಗಳಿಗೆ ಇದು ಸಾವಿನ ಬಾವಿಯಾಗಬಹುದು. ಗಟ್ಟಿ ಗೂಟಕ್ಕೆ ಕಟ್ಟಿದ ಗಂಟುಹಗ್ಗ ಅಥವಾ ಹಗ್ಗದ ಏಣಿಯನ್ನು ನಾಲ್ಕೂ ಬದಿಯಿಂದ ತಳದವರೆಗೆ ಇಳಿಬಿಡಿ. ಸುತ್ತಲೂ ಬೇಲಿ ಹಾಕಿ, ಬಾಗಿಲಿಗೆ ಬೀಗವಿರಲಿ. ಬಲೆ ಎಳೆಯುವಾಗ ಒಂದು ಗಳಿಗೆ ಏಣಿ ಮೇಲೆತ್ತಿದರೂ ಕೆಲಸ ಮುಗಿದೊಡನೆ ಮತ್ತೆ ಇಳಿಬಿಡಲು ಮರೆಯಬೇಡಿ.

ಒಟ್ಟಿನಲ್ಲಿ, ಯಾವುದೇ ವಸ್ತುವನ್ನು ಹೊಂಡಕ್ಕೆ ಇಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ಮೀನಿಗೆ ಆಹಾರ ಕೊಡುತ್ತದೆಯೇ? ಮೀನಿಗೂ ಹಾಳೆಗೂ ಗಾಯ ಮಾಡದೇ? ಬಲೆಯ ದಿನ ಸುಲಭವಾಗಿ ಹೊರಬರುತ್ತದೆಯೇ? ಮೂರಕ್ಕೂ ತೃಪ್ತಿಕರ ಉತ್ತರ ಸಿಗದಿದ್ದರೆ ಅದು ದಂಡೆಯ ಮೇಲೆಯೇ ಇರಲಿ. ಮೀನುಮರಿಗಳ ಬಗ್ಗೆ ಹೆಚ್ಚಿನ ಸಲಹೆಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯನ್ನು ಮಳೆಗಾಲಕ್ಕೆ ಮುಂಚಿತವಾಗಿಯೇ ಸಂಪರ್ಕಿಸಿ.