ಕಾರ್ಕಳಕ್ಕೆ ಗುರುಪರಂಪರೆ ನೀಡಿದ ಹಳ್ಳಿ: ಚಿಕ್ಕಹನಸೋಗೆಯ ಆದಿನಾಥ ಬಸದಿ

ಮೈಸೂರು ಜಿಲ್ಲೆಯ ಸಾಲಿಗ್ರಾಮದ ಸೀಮೆಯಲ್ಲಿರುವ ಚಿಕ್ಕಹನಸೋಗೆ ಇಂದು ಒಂದು ಸಣ್ಣ ಹಳ್ಳಿ. ಸಾವಿರ ವರ್ಷಗಳ ಹಿಂದೆ ಇದು ನಾಡಿನ ಪ್ರಮುಖ ಜೈನ ಕೇಂದ್ರಗಳಲ್ಲಿ ಒಂದಾಗಿತ್ತು. ಆ ವೈಭವಕ್ಕೆ ಇಲ್ಲಿನ ಆದಿನಾಥ ಬಸದಿಯೇ ಸಾಕ್ಷಿ.

ಈ ಬಸದಿ ತ್ರಿಕೂಟ ಮಾದರಿಯದು. ಅಂದರೆ ಮೂರು ಗರ್ಭಗೃಹಗಳಿಗೂ ಸೇರಿ ನಡುವೆ ಒಂದೇ ನವರಂಗ. ಅಲ್ಲಿ ನಿಂತವರಿಗೆ ಮೂರು ದಿಕ್ಕಿನಲ್ಲಿಯೂ ತೀರ್ಥಂಕರರ ದರ್ಶನವಾಗುತ್ತದೆ.

ಹನಸೋಗೆಯಲ್ಲಿ 64 ಬಸದಿಗಳಿದ್ದುವೆಂದೂ ಅವುಗಳ ಮೂಲ ಸ್ಥಾಪಕ ದಶರಥಪುತ್ರ ಶ್ರೀರಾಮನೆಂದೂ ಇಲ್ಲಿನ ಶಾಸನಗಳು ಹೇಳುತ್ತವೆ. ಇದು ಪರಂಪರೆಯ ನಂಬಿಕೆ. ಇತಿಹಾಸದ ದೃಷ್ಟಿಯಿಂದ ನೋಡಿದರೆ, 11ನೇ ಶತಮಾನದ ಚಂಗಾಳ್ವ ಅರಸ ರಾಜೇಂದ್ರಚೋಳ ನನ್ನಿ ಚಂಗಾಳ್ವನು ಬಸದಿಯನ್ನು ಹೊಸದಾಗಿ ಕಟ್ಟಿಸಿದನು.

ಮೂಲಸಂಘ, ದೇಶೀಗಣ, ಪುಸ್ತಕಗಚ್ಛಕ್ಕೆ ಸೇರಿದ ಇಲ್ಲಿನ ಮುನಿಶಾಖೆಗೆ ಊರಿನ ಹೆಸರೇ ನಿಂತು 'ಹನಸೋಗೆ ಬಳಿ' ಎಂದಾಯಿತು. 'ಪನಸೋಗೆ' ಎಂಬುದು ಇದರ ಹಳೆಯ ರೂಪ. ಈ ಶಾಖೆ ಘಟ್ಟ ಇಳಿದು ತುಳುನಾಡನ್ನೂ ತಲುಪಿತು. 1432ರಲ್ಲಿ ವೀರಪಾಂಡ್ಯನು ಕಾರ್ಕಳದಲ್ಲಿ ಸುಮಾರು 42 ಅಡಿ ಎತ್ತರದ ಬಾಹುಬಲಿ ಮೂರ್ತಿಯನ್ನು ಪ್ರತಿಷ್ಠಾಪಿಸಿದ್ದು ಇದೇ ಬಳಿಯ ಲಲಿತಕೀರ್ತಿ ಮುನಿಗಳ ಉಪದೇಶದಂತೆ.

ಈ ಸಂಬಂಧವನ್ನು ಇಂದು ತಿಳಿಸುತ್ತಿರುವುದು ಕಲ್ಲಿನ ಮೇಲಿನ ಅಕ್ಷರಗಳು. ಹಳೆಯ ಬಸದಿಗಳ ಜೀರ್ಣೋದ್ಧಾರ ಮಾಡುವಾಗ ಶಾಸನವಿರುವ ಕಲ್ಲನ್ನು ಕಿತ್ತರೆ, ಅದಕ್ಕೆ ಬಣ್ಣ ಬಳಿದರೆ, ಕಟ್ಟಡ ಹೊಸದಾಗಿ ಕಂಡೀತು. ಆದರೆ ಅದರ ಚರಿತ್ರೆ ಅಳಿದುಹೋಗುತ್ತದೆ. ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ಪ್ರತಿಯೊಂದು ಶಾಸನದ ಚಿತ್ರ ತೆಗೆದು, ತಜ್ಞರಿಂದ ಓದಿಸಿ ಇಡುವುದು ಶ್ರಾವಕರ ಕರ್ತವ್ಯ.