ಕೇಳಿದವರಿಗೆ ಏನು ಹೇಳೋಣ?



ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದವರೂ ಒಂದೇ ಚಾಪೆಯ ಮೇಲೆ ಕೂತು ಉಳಿತಾಯದ ಹಣ ಎಣಿಸುತ್ತೇವೆ. ಒಬ್ಬರ ಆಚರಣೆ ಇನ್ನೊಬ್ಬರಿಗೆ ಕುತೂಹಲ ಹುಟ್ಟಿಸುವುದು ಸಹಜ. "ಸಿಸ್ಟರ್, ನೀವು ಮದುವೆ ಯಾಕೆ ಆಗಲಿಲ್ಲ?" ಎಂದು ನಮ್ಮನ್ನು ಕೇಳದ ಊರೇ ಇಲ್ಲ! ನಾವು ಚಹಾ ಕುಡಿಯುತ್ತಲೇ ಉತ್ತರ ಹೇಳುತ್ತೇವೆ. ಆದರೆ "ಅಕ್ಕ, ಹಣೆಗೆ ಬೂದಿ ಯಾಕೆ? ನಿಮ್ಮಲ್ಲೂ ವಿಭೂತಿ ಇದ್ಯಾ?" ಎಂದರೆ ನಮ್ಮ ಕೆಲವು ಕ್ರೈಸ್ತ ಸದಸ್ಯೆಯರು ಮುಖ ಸಿಂಡರಿಸುತ್ತಾರೆ. ಕೇಳಿದವರದು ಗೇಲಿಯಲ್ಲ. ಹಿಂದಿನ ವರ್ಷ ಗರಿಗಳ ಭಾನುವಾರ ಮಂತ್ರಿಸಿದ ಗರಿಗಳನ್ನು ಸುಟ್ಟ ಬೂದಿ ಅದು, ಪಶ್ಚಾತ್ತಾಪದ ಗುರುತು, ಅಂದಿನಿಂದ ತಪಸ್ಸುಕಾಲ ಶುರು. ಇಷ್ಟು ಹೇಳಿದರೆ ಸಾಕು, ಪ್ರಸಂಗ ಬೇಡ.

ಈಸ್ಟರ್ ವರ್ಷವರ್ಷವೂ ಬೇರೆ ದಿನ ಯಾಕೆ? ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ ಅದು. ಹುಣ್ಣಿಮೆ ಲೆಕ್ಕ ನಮ್ಮ ಹೆಂಗಸರಿಗೆ ಹೇಳಿಕೊಡಬೇಕೇ?

ಬೆಂಗಳೂರಿನ ಶಿವಾಜಿನಗರದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೆ ಬೇರೆ ಧರ್ಮದವರೂ ಬರುತ್ತಾರೆ, ಸೀರೆ ಉಟ್ಟ ಮರಿಯಮ್ಮನಿಗೆ ಕೈಮುಗಿಯುತ್ತಾರೆ. "ಆಕೆ ನಿಮ್ಮ ದೇವಿಯಾ?" ಎಂದರೆ, ಅಲ್ಲ, ಯೇಸುವಿನ ತಾಯಿ, ನಮಗಾಗಿ ಪ್ರಾರ್ಥಿಸು ಎಂದು ಕೇಳಿಕೊಳ್ಳುತ್ತೇವೆ ಎನ್ನಿ.

ಮನಸ್ಸಿಗೆ ನೋವಾಗುವುದು ಪರಮಪ್ರಸಾದದ ವಿಷಯದಲ್ಲಿ. ಗೆಳತಿಯ ಮಗಳ ಮದುವೆಗೆಂದು ಚರ್ಚಿಗೆ ಬಂದವಳು ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುತ್ತಾಳೆ, ಯಾರೋ "ನಿನಗಲ್ಲ" ಎಂದುಬಿಡುತ್ತಾರೆ. ಆಕೆಗೆ ಹೊಳೆಯುವುದು ಒಂದೇ, "ನನ್ನ ಜಾತಿ ನೋಡಿ ಕೊಡಲಿಲ್ಲ." ಇದನ್ನು ಮೊದಲೇ ಕೂತು ತಿಳಿಸಬೇಕು. ನೋಡಲು ಗೋಧಿಹಿಟ್ಟಿನ ತೆಳು ರೊಟ್ಟಿ. ನಮ್ಮ ನಂಬಿಕೆಯಲ್ಲಿ ಅದು ಕ್ರಿಸ್ತರ ಶರೀರ. ನಮ್ಮ ಮನೆ ಮಕ್ಕಳಿಗೂ ಜ್ಞಾನೋಪದೇಶ ಕಲಿತ ಮೇಲೆಯೇ ಸಿಗುತ್ತದೆ. ಕಾರಣ ಜಾತಿಯಲ್ಲ, ನಂಬಿಕೆ ಮತ್ತು ಸಿದ್ಧತೆ. ಮದುವೆ ಊಟದಲ್ಲಿ ಮಾತ್ರ ಆಕೆಯನ್ನು ಪಕ್ಕದಲ್ಲೇ ಕೂರಿಸಿಕೊಳ್ಳಿ.

"ಸಂಘ ಸೇರಿದರೆ ಮತಾಂತರ ಮಾಡ್ತಾರಂತೆ, ಹೌದಾ?" ಎಂದು ಅತ್ತೆಯೋ ಗಂಡನೋ ಕೇಳಿದರೂ ಸಿಟ್ಟಾಗಬೇಡಿ. ಲೆಕ್ಕದ ಪುಸ್ತಕ ತೆರೆದು ತೋರಿಸಿ. ಸಾಲ ಸಿಗುವುದು ಉಳಿತಾಯ, ಮರುಪಾವತಿ ನೋಡಿ, ಸದಸ್ಯೆಯರ ತೀರ್ಮಾನದಂತೆ. ಸಂವಿಧಾನದ 25ನೇ ವಿಧಿ ಎಲ್ಲರಿಗೂ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ನಂಬಿಕೆಯ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಬಾರದೆಂದು ಎರಡನೇ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ ಸಾರಿದೆ. ಹಾಗಾಗಿ ನಾವೂ ಸಾಲದ ಸಭೆಯನ್ನು ಧರ್ಮಬೋಧನೆಯ ಸಭೆ ಮಾಡಬಾರದು.

ಉತ್ತರ ಗೊತ್ತಿಲ್ಲದಿದ್ದರೆ ಏನೋ ಒಂದು ಹೇಳಿ ಮುಗಿಸಬೇಡಿ. "ಫಾದರ್ ಹತ್ತಿರ ಕೇಳ್ಕೊಂಡು ಬರ್ತೀನಿ" ಎನ್ನಿ. ಮುಂದಿನ ವಾರದ ಸಭೆಗೆ ಮರೆಯದೆ ಕೇಳಿಕೊಂಡು ಬನ್ನಿ.