ಮಕರವೇರಿದ ಹೆಣ್ಣುಗಳು

ಬಂಡ್ರಿ, ಸಂಡೂರಿನ ಕಡೆಯಿಂದ ಹಂಪಿಗೆ ಹೋದವರು ವಿರೂಪಾಕ್ಷನಿಗೆ ಕಾಯಿ ಒಡೆಸಿ, ಕಲ್ಲಿನ ರಥ ನೋಡಿ ಬಸ್ಸು ಹತ್ತುವುದೇ ರೂಢಿ. ಕೃಷ್ಣ ದೇವಾಲಯದ ಪೂರ್ವ ಗೋಪುರದ ಬಾಗಿಲಲ್ಲಿ ನಿಲ್ಲುವ ಪುರುಸೊತ್ತು ಯಾರಿಗಿದೆ? ನಿಂತವರಿಗೆ ಮಾತ್ರ ಅಲ್ಲಿಂದ ಕಾಲು ಕೀಳುವುದು ಕಷ್ಟ. ಬಾಗಿಲವಾಡದ ಬುಡದಲ್ಲಿ ಮಕರದ ಮೇಲೆ ಸೊಂಟ ಬಳುಕಿಸಿ ನಿಂತ ಹೆಣ್ಣು. ಅವಳ ಕೈಯ ಬಳ್ಳಿ ಸುರುಳಿ ಸುರುಳಿಯಾಗಿ ಮೇಲೇರಿದೆ. ಉದಯಗಿರಿ ಗೆದ್ದು ಬಂದ ಕೃಷ್ಣದೇವರಾಯ 1515ರ ಹೊತ್ತಿಗೆ ಕಟ್ಟಿಸಿದ ಗುಡಿಯಿದು.

ಗ್ರೀಕರ ನೀರಿಯಡ್‌ಗಳು ಈ ಮಕರವೇರಿದ ಹೆಣ್ಣುಗಳ ದೂರದ ನೆಂಟರಂತೆ ಕಾಣುತ್ತಾರೆ. ಕಡಲ ಮುದುಕ ನೀರಿಯಸನಿಗೆ 50 ಹೆಣ್ಣುಮಕ್ಕಳೆಂದು ಕವಿ ಹೆಸಿಯಡ್ ಹೆಸರು ಹಿಡಿದು ಹೇಳುತ್ತಾನೆ. ಸಿನಿಮಾದ ಮತ್ಸ್ಯಕನ್ಯೆಯರ ಹಾಗೆ ಇವರಿಗೆ ಬಾಲವಿಲ್ಲ. ಡಾಲ್ಫಿನ್ನನ್ನೋ, ಕೀಟೋಸ್ ಎಂಬ ಕಡಲಮೃಗವನ್ನೋ ಏರಿ ಸವಾರಿ ಹೊರಡುತ್ತಾರೆ.

ಈ ಕೀಟೋಸ್ ಗಾಂಧಾರದವರೆಗೂ ಬಂತು. ಅಲ್ಲಿ ಸಿಕ್ಕ ಪುಟ್ಟ ಕಲ್ಲಿನ ತಟ್ಟೆಗಳಲ್ಲಿ ಕಡಲಮೃಗದ ಬೆನ್ನೇರಿದ ನೀರಿಯಡ್‌ಗಳಿದ್ದಾರೆ. ಹಾಗಾದರೆ ನಮ್ಮ ಮಕರ ಗ್ರೀಕರ ಕೊಡುಗೆಯೇ? ಅಷ್ಟು ಸುಲಭಕ್ಕೆ ಒಪ್ಪಲಾಗದು. ಆ ತಟ್ಟೆಗಳಿಗಿಂತ ಹಿಂದೆಯೇ, ಕ್ರಿ.ಪೂ. 3ನೆಯ ಶತಮಾನದಲ್ಲಿ, ಬಿಹಾರದ ಬರಾಬರ್ ಬೆಟ್ಟದ ಲೋಮಸ ಋಷಿ ಗುಹೆಯ ಬಾಗಿಲ ಕಮಾನಿಗೆ ಮಕರಗಳನ್ನು ಕೆತ್ತಿಯಾಗಿತ್ತು. ಆನೆಯ ಸೊಂಡಿಲು, ಮೊಸಳೆಯ ದವಡೆ, ಎಲೆಬಳ್ಳಿಯಾಗಿ ಅರಳುವ ಬಾಲ: ಇಂಥ ಪ್ರಾಣಿಗೆ ಗ್ರೀಸಿನ ಜಾತಕ ಹೊಂದಿಸುವುದು ಪಂಡಿತರ ಹಟವಷ್ಟೇ.

ಬಾಗಿಲ ಬದಿಯ ನದೀದೇವತೆಗಳಲ್ಲಿ ಗಂಗೆಗೆ ಮಕರ, ಯಮುನೆಗೆ ಆಮೆ ವಾಹನ ಎಂಬುದು ಹಳೆಯ ಶಿಲ್ಪಸಂಪ್ರದಾಯ. ವಿಜಯನಗರದ ಗೋಪುರಗಳಿಗೆ ಬರುವಷ್ಟರಲ್ಲಿ ಆಮೆ ಹಿಂದೆ ಸರಿದು, ಎರಡೂ ಬದಿಗೆ ಮಕರವೇ ಬಂದು ಕೂತಿದೆ. ಎಡಬಲದ ಹೊಂದಾಣಿಕೆಗೆ ಶಿಲ್ಪಿ ಹೀಗೆ ಮಾಡಿರಬಹುದು. ಆಮೆಯ ಪಾಲಿಗೆ ಇದು ಅನ್ಯಾಯವೇ.

ಹಂಪಿಯ ನಿಜವಾದ ನೀರಹೆಣ್ಣು ಪಂಪೆ. ತುಂಗಭದ್ರೆಯ ಹಳೆಯ ಹೆಸರೂ ಅದೇ. ನೀರಿಯಡ್ ಥೆಟಿಸಳು ಬೆಂಕಿ, ನೀರು, ಸಿಂಹ, ಹಾವಾಗಿ ಮಾರ್ಪಟ್ಟರೂ ಪೆಲಿಯಸ್ ಎಂಬಾತ ಅವಳನ್ನು ಬಿಗಿಯಾಗಿ ಹಿಡಿದೇ ಮದುವೆಯಾದ. ಪಂಪೆಯ ಕಥೆ ತಿರುವುಮುರುವು: ತಪಸ್ಸು ಮಾಡಿ ಶಿವನನ್ನು ಗೆದ್ದವಳು ಅವಳೇ. ಮಾರ್ಗಶಿರದ ಫಲಪೂಜೆಯಲ್ಲಿ ಆಕೆಯ ನಿಶ್ಚಿತಾರ್ಥ ನಡೆಯುತ್ತದೆ. ಚೈತ್ರದಲ್ಲಿ ಮದುವೆ, ತೇರು. ಹೊಸಪೇಟೆ, ಕಂಪ್ಲಿಯ ಜನರೆಲ್ಲ ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಎಂದು ಕೇಳದೆ ಬರುತ್ತಾರೆ.